ಅವ್ವನ ಪಾರ್ಟು

ಸಿಂದಗಿಯ ಬಸ್ ನಿಲ್ದಾಣದಿಂದ ಮನೆ ಮುಟ್ಟಲು ಸಾವಂತ್ರವ್ವನಿಗೆ ಮೊದಲೆಲ್ಲ ಹತ್ತು ನಿಮಿಷ ಸಾಕಿತ್ತು. ಈಗ ಮುಕ್ಕಾಲು ತಾಸು ಬೇಕು. ಅದು ಮೊಣಕಾಲಿನ ತಪ್ಪಲ್ಲ, ಊರ ಬಾಯಿಯ ತಪ್ಪು. ಪಾನ್ ಅಂಗಡಿಯವನು ತಡೆದು ಕೇಳುತ್ತಾನೆ, ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸಿ ಕೇಳುತ್ತಾನೆ, ಬಳೆ ಅಂಗಡಿಯ ಜೋಹರಾಬಿಯಂತೂ ಕೈ ಹಿಡಿದು ಕೂಡಿಸಿಕೊಂಡೇ ಕೇಳುತ್ತಾಳೆ: ಸಿನಿಮಾದವರ ಫೋನು ಬಂತೇ? ಇಲ್ಲ ಅಂದರೆ ಅಯ್ಯೋ ಅನ್ನುತ್ತಾರೆ. ಬರುತ್ತದೆ ಅಂದರೆ ಯಾವಾಗ ಅನ್ನುತ್ತಾರೆ. ಸುಮ್ಮನೆ ಇದ್ದರೆ, ದೊಡ್ಡಾಕಿ ಆದಳು, ಮಾತು ಬಿಟ್ಟಳು ಅನ್ನುತ್ತಾರೆ. ಹೀಗೆ ಏಳು ತಿಂಗಳು. ಏಳು ತಿಂಗಳಿಗೆ ಅವಸರದ ಕೂಸಾದರೂ ಹುಟ್ಟುತ್ತದೆ, ಈ ಸಿನಿಮಾಕ್ಕೆ ಇನ್ನೂ ಹೆಸರೇ ಹುಟ್ಟಿರಲಿಲ್ಲ.

ಹೌದು, ಹೆಸರೇ ಇರಲಿಲ್ಲ. ಪೋಸ್ಟರಿನಲ್ಲಿ ಒಂದಿಷ್ಟು ನೀರು, ನೀರಿನ ಮೇಲೆ ತೇಲುವ ಒಂದು ಕದ, ಕೆಳಗೆ ‘ಶೀರ್ಷಿಕೆ ಶೀಘ್ರದಲ್ಲಿ’ ಎಂಬ ಎರಡು ಪದ. ಅಲ್ಲಿಯವರೆಗೆ ಅದನ್ನು ಪ್ರೊಡಕ್ಷನ್ ನಂಬರ್ ಮೂರು ಅನ್ನಬೇಕಂತೆ. ಲಾರಿಗಾದರೂ ನಂಬರಿನ ಜೊತೆಗೆ ಹಿಂದೆ ಮಕ್ಕಳ ಹೆಸರು ಬರೆಸಿರುತ್ತಾರೆ ಎಂದು ಸಾವಂತ್ರವ್ವ ಗೊಣಗಿದ್ದಳು.

ಸಾವಂತ್ರವ್ವನಿಗೆ ನಾಟಕ ಹೊಸದಲ್ಲ. ಐವತ್ನಾಲ್ಕರ ಹೆಂಗಸು, ಮೂವತ್ತು ವರ್ಷ ರಂಗದ ಮೇಲೆ ಕಳೆದವಳು. ಈ ಕಡೆಯ ಹಳ್ಳಿಗಳಲ್ಲಿ ಊರ ಗಂಡಸರು ನಾಟಕ ಆಡುವಾಗ ಹೆಣ್ಣು ಪಾರ್ಟಿಗೆ ಪಟ್ಟಣದ ನಟಿಯರನ್ನು ಗೊತ್ತುಮಾಡಿ ಕರೆಸುವುದು ವಾಡಿಕೆ. ಅವಳು ಮೊದಲು ನಾಯಕಿ ಆದಳು, ಆಮೇಲೆ ನಾಯಕನ ಅತ್ತಿಗೆ ಆದಳು, ನಲವತ್ತು ದಾಟಿದ ಮೇಲೆ ಖಾಯಂ ಅವ್ವ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಅವಳು ಅತ್ತು ಬರದ ಊರು ಯಾವುದಿದೆ ಎಂದು ಹುಡುಕಬೇಕು. ಆದರೆ ಬೆಳಗಾಗಿ ಪರದೆ ಬಿಚ್ಚಿದರೆ ಅತ್ತದ್ದೆಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅದರ ಬಗ್ಗೆ ಅವಳಿಗೆ ದುಃಖವೂ ಇರಲಿಲ್ಲ, ಈ ಸಿನಿಮಾ ಬರುವ ತನಕ.

ಈ ಸಿನಿಮಾದ ಮಾತು ಬೇರೆ. ಏಕೆಂದರೆ ಅದರಲ್ಲಿ ಅವಳ ಅವ್ವ ಇದ್ದಳು.

ಸಾವಂತ್ರವ್ವನ ತವರು ಹಳೆಯ ಕೊಲ್ಹಾರ, ಈಗ ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಊರು ಬಿಡುವಾಗ ಎಲ್ಲರೂ ಚೌಕಟ್ಟಿನ ಸಮೇತ ಕದ ಕಿತ್ತು, ತೊಲೆ ಬಿಚ್ಚಿ ಟ್ರಕ್ಕಿಗೆ ಹೇರಿದರೆ, ಅವಳವ್ವ ಮಾತ್ರ ತನ್ನ ಮನೆಯ ಕದಕ್ಕೆ ಯಾರನ್ನೂ ಕೈ ಹಚ್ಚಗೊಡಲಿಲ್ಲ. ಮನೆಯ ಬಾಯಿ ತೆರೆದು ಬಿಟ್ಟು ಹೋಗಬಾರದು ಎಂಬುದು ಅವಳ ಹಟ. ಕಸ ಗುಡಿಸಿದಳು, ಹೊಸ್ತಿಲು ಸಾರಿಸಿದಳು, ಟ್ರಕ್ ಹತ್ತಿ ಕುಳಿತಳು, ಕುಳಿತ ಮೇಲೆ ಮಗಳಿಗೆ ಹೇಳಿದಳು: “ತಂಗಿ, ಕದಾ ಮುಂದ ಮಾಡಿ ಬಾ.”

ಕದ ಮುಂದೆ ಮಾಡುವುದು ಅಂದರೆ ಬೀಗ ಹಾಕುವುದಲ್ಲ, ಅಗಳಿ ಹಾಕುವುದೂ ಅಲ್ಲ. ಸುಮ್ಮನೆ ಎಳೆದು ಬರುವುದು. ಬಾವಿಗೆ ಹೋಗಿ ಬರುವಾಗ, ಪಕ್ಕದ ಮನೆಗೆ ಮಜ್ಜಿಗೆ ಕೇಳಲು ಹೋದಾಗ, ಈಗ ಬಂದೆ ಅನ್ನುವ ಮನೆಗೆ ಹಾಗೆ ಮಾಡುತ್ತಾರೆ.

ಇದನ್ನು ಸಾವಂತ್ರವ್ವ ಹೇಳಿದ್ದು ಕಲ್ಮೇಶನಿಗೆ. ಕಲ್ಮೇಶ ನಾಲತವಾಡದವನು, ಆ ಸಿನಿಮಾಕ್ಕೆ ಮಾತು ಬರೆಯುತ್ತಿದ್ದವನು, ಮುಳುಗಿದ ಊರುಗಳವರ ಕಥೆ ಕೇಳುತ್ತ ವಹಿ ಹಿಡಿದು ತಿರುಗುತ್ತಿದ್ದ. ಅವನು ಈ ಮಾತನ್ನು ಇದ್ದಂತೆಯೇ ಬರೆದುಕೊಂಡ, ಕಥೆಯಲ್ಲಿ ಸಾಂತವ್ವ ಎಂಬ ತಾಯಿಯ ಬಾಯಲ್ಲಿ ಇಟ್ಟ, ಆಮೇಲೆ ಬಸವನ ಬಾಗೇವಾಡಿಯ ಕಲ್ಯಾಣ ಮಂಟಪವೊಂದರಲ್ಲಿ ಆಡಿಷನ್ ಇದೆ ಬರ್ರಿ ಎಂದು ಅವಳನ್ನೇ ಕರೆದ. ಅಲ್ಲಿ ನಲವತ್ತು ಹೆಂಗಸರು ಸಾಲಾಗಿ ನಿಂತಿದ್ದರು. ಕೈಗೊಂದು ಹಾಳೆ ಕೊಟ್ಟರು, ಹಾಳೆಯಲ್ಲಿ ಹೆಸರು ಮತ್ತು ಮಾತು ಬಿಟ್ಟರೆ ಏನೂ ಇರಲಿಲ್ಲ. ಸಾವಂತ್ರವ್ವ ಹಾಳೆ ನೋಡಲಿಲ್ಲ. ಅವ್ವ ಟ್ರಕ್ಕಿನ ಮೇಲೆ ಹೇಗೆ ಕುಳಿತಿದ್ದಳೋ ಹಾಗೆ ಕುಳಿತು, ಅವ್ವ ಹೇಗೆ ಅಂದಿದ್ದಳೋ ಹಾಗೆ ಅಂದಳು. ಕ್ಯಾಮೆರಾದವನು ತಲೆ ಈಚೆ ತೆಗೆದು ಅವಳನ್ನು ಬರಿಗಣ್ಣಿನಿಂದ ನೋಡಿದ. ಕಲ್ಮೇಶ ಮಂಟಪದ ಬಾಗಿಲ ತನಕ ಬಂದು, ಇನ್ನು ಯಾರನ್ನೂ ನೋಡುವ ಅಗತ್ಯವಿಲ್ಲ, ಫೋನು ಬರುತ್ತದೆ ಎಂದು ಕಳಿಸಿಕೊಟ್ಟ.

ಅದೇ ಫೋನು ಬರಲಿಲ್ಲ. ಎರಡು ತಿಂಗಳಾದ ಮೇಲೆ ಕಲ್ಮೇಶನೇ ಆ ಸಿನಿಮಾ ಬಿಟ್ಟನೆಂಬ ಸುದ್ದಿ ಬಂತು, ಅವನ ನಂಬರಿಗೆ ಹಚ್ಚಿದರೆ ಚಾಲ್ತಿಯಲ್ಲಿಲ್ಲ ಎಂದು ಒಬ್ಬ ಹೆಣ್ಣುಮಗಳು ಎರಡು ಭಾಷೆಯಲ್ಲಿ ಹೇಳತೊಡಗಿದಳು.

ಇನ್ನು ಮನೆಯಲ್ಲಿ ನೋಡಿದರೆ ಸಾಕ್ಷಿ ಎಂಬ ಹುಡುಗಿ. ಅಣ್ಣನ ಮಗಳು, ಕಾಲೇಜಿಗೆಂದು ಸೋದರತ್ತೆಯ ಮನೆಯಲ್ಲಿ ಇದ್ದವಳು, ಫೋನಿನಲ್ಲಿ ಸಿನಿಮಾ ಸುದ್ದಿ ಓದುವುದರಲ್ಲಿ ಆಗಲೇ ಪದವಿ ಮುಗಿಸಿದ್ದಳು. ದಿನಕ್ಕೊಂದು ಸುದ್ದಿ ತರುತ್ತಿದ್ದಳು. ಸೋಮವಾರ ‘ತಾಯಿ ಪಾತ್ರಕ್ಕೆ ಇವರೇ ಫಿಕ್ಸ್?’ ಎಂದು ಬೆಂಗಳೂರಿನ ಹಿರಿಯ ನಟಿಯೊಬ್ಬಳ ಫೋಟೋ. ಬುಧವಾರ ಅದೇ ಪ್ರಶ್ನೆ, ಫೋಟೋ ಮರಾಠಿಯವಳದು. ಶನಿವಾರ ಇಬ್ಬರೂ ಹೋಗಿ ಧಾರಾವಾಹಿಯ ಅಜ್ಜಿ ಬಂದು ಕುಳಿತಿರುತ್ತಿದ್ದಳು. ಸಾವಂತ್ರವ್ವನಿಗೆ ಆ ಫೋಟೋಗಳಿಗಿಂತ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಸಿಟ್ಟು. ಗೊತ್ತಿದ್ದರೆ ಹೇಳಬೇಕು, ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಬೇಕು, ಈ ಕೊಕ್ಕೆ ಹಾಕಿ ಬಿಡುವುದು ಯಾವ ಪತ್ರಿಕೋದ್ಯಮ? ಒಂದು ಸಲ ಹತ್ತು ನಿಮಿಷದ ವೀಡಿಯೊ ಒಂದನ್ನು ಉಸಿರು ಬಿಗಿಹಿಡಿದು ನೋಡಿದಳು. ಅದರಲ್ಲಿ ಕನ್ನಡಕದ ಹುಡುಗನೊಬ್ಬ ಒಂಬತ್ತೂವರೆ ನಿಮಿಷ ‘ಯಾರಿರಬಹುದು’ ಎಂದು ಅವಳನ್ನೇ ಕೇಳಿ, ಉಳಿದ ಅರ್ಧ ನಿಮಿಷದಲ್ಲಿ ಗಂಟೆಯ ಗುರುತು ಒತ್ತಿ ಎಂದು ಹೇಳಿ ಹೋದ.

ಆದರೂ ನೋಡುತ್ತಿದ್ದಳು. ಬೈಯುತ್ತಲೇ ನೋಡುತ್ತಿದ್ದಳು, ಸಾಕ್ಷಿ ಕಾಲೇಜಿನಿಂದ ಬರುವುದು ತಡವಾದರೆ ಅದಕ್ಕೂ ಬೈಯುತ್ತಿದ್ದಳು. ತನ್ನ ಮೇಲೆಯೇ ಬೇಸರವಾಗುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಪಾರ್ಟಿಗೂ ಯಾರ ಬಾಗಿಲು ಕಾಯ್ದವಳಲ್ಲ, ಈಗ ಅಂಗೈಯಗಲದ ಗಾಜನ್ನು ಕಾಯುವಂತಾಗಿತ್ತು.

ಸಾಲೋಟಗಿ ಊರಿನವರು ನಾಟಕಕ್ಕೆ ಕರೆದಾಗ ಅವಳು ತಾರೀಖು ಕೊಡಲಿಲ್ಲ. ಅದೇ ದಿನ ಶೂಟಿಂಗ್ ಬಂದರೆ ಎಂಬ ಹೆದರಿಕೆ. ಕರೆ ತಂದಿದ್ದವನು ಅಬ್ದುಲರಜಾಕ ಮಾಸ್ತರ, ಹಾರ್ಮೋನಿಯಂ ಪೇಟಿ ಬಾರಿಸುತ್ತ, ಹಳ್ಳಿಯವರಿಗೂ ನಟಿಯರಿಗೂ ಮಧ್ಯೆ ತಾರೀಖು ಹೊಂದಿಸುತ್ತ ತಲೆ ನೆರೆಸಿಕೊಂಡವನು. ಅವನು ಚಹದ ಬಟ್ಟಲು ಕೆಳಗಿಟ್ಟು, ಬಾಯಾರ, ನಿಮ್ಮ ಸಿನಿಮಾಕ್ಕಿಂತ ನಮ್ಮ ಮಳಿಗಾಲ ಚೊಲೊ, ತಡಾ ಆದರೂ ಹೆಸರಿಟ್ಟುಕೊಂಡು ಬರ್ತೈತಿ ಎಂದು ಹೇಳಿ ಎದ್ದುಹೋದ.

ಇಷ್ಟು ಸಾಲದೆಂದು ಓಣಿಯ ಹುರಿಯಾಳುಗಳು ಫ್ಲೆಕ್ಸ್ ಕಟ್ಟಿದರು. ಫೋನು ಬರದಿದ್ದರೇನು, ಇವತ್ತಲ್ಲ ನಾಳೆ ಬಂದೇ ಬರುತ್ತದೆ, ಆಗ ನಮ್ಮದೇ ಮೊದಲಿರಲಿ ಎಂಬ ಲೆಕ್ಕ. ‘ಚಿತ್ರರಂಗಕ್ಕೆ ಪಾದಾರ್ಪಣೆ ಮಾಡುತ್ತಿರುವ ನಮ್ಮ ಹೆಮ್ಮೆಯ ಸಾವಂತ್ರವ್ವನವರಿಗೆ ಹಾರ್ದಿಕ ಅಭಿನಂದನೆಗಳು’. ಕೆಳಗೆ ಶುಭ ಕೋರುವವರ ಹನ್ನೊಂದು ಮುಖ, ಎಲ್ಲ ಕಪ್ಪು ಕನ್ನಡಕದವು. ಅವಳ ಮುಖ ಮೂಲೆಯಲ್ಲಿ, ಎಲ್ಲಕ್ಕಿಂತ ಸಣ್ಣದು. ಅದನ್ನು ನೋಡಿದ ಸಾಲೋಟಗಿಯವರು, ಸಿನಿಮಾದಾಕಿ ಇನ್ನು ನಮ್ಮೂರಿಗೆ ಯಾಕೆ ಬರುತ್ತಾಳೆ ಎಂದು ತಾವೇ ತೀರ್ಮಾನಿಸಿ, ಅವ್ವನ ಪಾರ್ಟಿಗೆ ವಿಜಯಪುರದ ಒಬ್ಬಳನ್ನು ಗೊತ್ತುಮಾಡಿಬಿಟ್ಟರು. ಸಾವಂತ್ರವ್ವ ಫ್ಲೆಕ್ಸ್ ಬಿಚ್ಚಿ ಎಂದು ಹುಡುಗರಿಗೆ ಹೇಳಿದರೆ, ಅವರು ಅದನ್ನು ವಿನಯ ಎಂದು ತಿಳಿದು ಮತ್ತಷ್ಟು ಬಿಗಿಯಾಗಿ ಕಟ್ಟಿದರು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಸಾಕ್ಷಿ ಫೋನು ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದಳು. ಸಿನಿಮಾದವರೇ ಹಾಕಿದ ಪೋಸ್ಟರು, ಪ್ರಶ್ನಾರ್ಥಕ ಚಿಹ್ನೆ ಇಲ್ಲದ್ದು. ಬೆಂಗಳೂರಿನ ದೊಡ್ಡ ನಟಿಯೊಬ್ಬಳು ಇಳಕಲ್ ಸೀರೆಯುಟ್ಟು ನೀರಿನ ದಂಡೆಯಲ್ಲಿ ನಿಂತಿದ್ದಳು. ಮೂವತ್ತರ ಆಚೀಚಿನ ವಯಸ್ಸು, ಮುಖಕ್ಕೆ ಹದವಾಗಿ ಹಚ್ಚಿದ ಮಸಿ. ತಲೆಯ ಮೇಲೆ ‘ಅಕ್ಕ-ತಂಗಿಯರ ಕಣ್ಣೀರ ಕಥೆ’ ಎಂದಿತ್ತು.

“ಇದು ಅಕ್ಕನ ಪಾರ್ಟ್ ಅಂತ, ಅತ್ತಿ,” ಎಂದಳು ಸಾಕ್ಷಿ. “ಅವ್ವಂದು ಇನ್ನೂ ಹೇಳಿಲ್ಲ. ಅಂದ್ರ ನಿನಗ ಐತಿ.”

ಸಾವಂತ್ರವ್ವ ಕೈ ಒರೆಸಿಕೊಂಡು ಫೋನು ಇಸಿದುಕೊಂಡಳು. ನಟಿಯ ಕಾಲ ಹತ್ತಿರ ಪಾತ್ರದ ಹೆಸರಿತ್ತು: ಸಾಂತವ್ವ. ಹೆಸರಿನ ಕೆಳಗೆ ಅವಳ ಮಾತು: ‘ತಂಗಿ, ಕದಾ ಮುಂದ ಮಾಡಿ ಬಾ.’

ಅವಳಿಗೆ ಒಂದೇ ಏಟಿಗೆ ಎಲ್ಲ ತಿಳಿಯಿತು. ಮಾತು ಬರೆದವನು ಬಿಟ್ಟುಹೋಗಿದ್ದ. ಉಳಿದವರ ಕೈಯಲ್ಲಿ ಹೆಸರು ಮತ್ತು ಮಾತಿನ ಹಾಳೆಗಳಷ್ಟೇ ಇದ್ದವು. ಸಾಂತವ್ವ ಎಂಬಾಕೆ ಇನ್ನೊಬ್ಬಳನ್ನು ತಂಗಿ ಅನ್ನುತ್ತಾಳೆ, ಅಂದ ಮೇಲೆ ಸಾಂತವ್ವ ಅಕ್ಕ. ಇಷ್ಟೇ. ಈ ಕಡೆ ಹಡೆದವರು ಹಡೆದ ಮಗಳನ್ನು ತಂಗಿ ಎಂದು ಕರೆಯುತ್ತಾರೆ ಅನ್ನುವುದು ಅಲ್ಲಿ ಒಬ್ಬ ಪುಣ್ಯಾತ್ಮನಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನುವುದೂ ಗೊತ್ತಿರಲಿಲ್ಲ.

ಬಾಗೇವಾಡಿಯಲ್ಲಿ ಕೊಟ್ಟಿದ್ದ ನಂಬರಿಗೆ ಹಚ್ಚಿದಳು. ಆರನೆಯ ಸಲಕ್ಕೆ ಕಾಸ್ಟಿಂಗ್ ನೋಡಿಕೊಳ್ಳುವ ಸಾಹೇಬ ಎತ್ತಿದ. ದನಿ ಕೇಳಿದರೆ ಇನ್ನೂ ಮೀಸೆ ಗಟ್ಟಿಯಾಗದ ವಯಸ್ಸು. ಸಾವಂತ್ರವ್ವ ತನ್ನ ಹೆಸರು ಹೇಳಿ, ತಾಯಿಯ ಪಾರ್ಟಿಗೆ ಆಡಿಷನ್ ಕೊಟ್ಟವಳು ಎಂದಳು. ಅವನು ಸ್ವಲ್ಪ ಹೊತ್ತು ಹುಡುಕಿ, ಕಥೆಯಲ್ಲಿ ತಾಯಿ ಇಲ್ಲವೆಂದೂ ಅವರು ಮೊದಲೇ ತೀರಿಕೊಂಡಿರುತ್ತಾರೆಂದೂ ಸಮಾಧಾನವಾಗಿ ತಿಳಿಸಿದ.

“ತೀರಿಕೊಂಡಿಲ್ಲ ತಮ್ಮಾ, ನೀವು ಅಕಿನ್ನ ಅಕ್ಕನ್ನ ಮಾಡೀರಿ.”

“ಮೇಡಂ, ನಾನು ನಿಮ್ಮ ತಮ್ಮ ಅಲ್ಲ,” ಎಂದ ಅವನು. “ಯಾರೋ ಅಂದುಕೊಂಡು ನನಗೆ ಮಾಡಿದ್ದೀರ ಅನ್ಸುತ್ತೆ.”

ಸಾವಂತ್ರವ್ವ ಹಣೆ ಒತ್ತಿಕೊಂಡಳು. ರೋಗ ಅವನ ಬಾಯಿಂದಲೇ ಹೊರಬಿದ್ದು ಎದುರಿಗೆ ನಿಂತಿತ್ತು, ಆದರೂ ಅವನಿಗೆ ಕಾಣಲಿಲ್ಲ. ಅವಳು ಸಣ್ಣ ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು. ನಮ್ಮ ಕಡೆ ಪ್ರೀತಿಯಿಂದ ಗಂಡುಹುಡುಗರಿಗೆ ತಮ್ಮ ಅನ್ನುತ್ತೇವೆ, ಹೆಣ್ಣುಮಕ್ಕಳಿಗೆ ತಂಗಿ ಅನ್ನುತ್ತೇವೆ, ತಾಯಿ ಮಗಳಿಗೆ ಅನ್ನುವುದೂ ಅದನ್ನೇ, ಸಾಂತವ್ವ ತಾಯಿ. ಅವನು ಕೇಳಿದ, ಹಾಗಾದರೆ ಸ್ವಂತ ತಂಗಿಗೆ ಏನನ್ನುತ್ತೀರಿ?

“ಅಕಿಗೂ ತಂಗೀನ ಅಂತೇವಿ.”

“ಓ,” ಎಂದ ಅವನು, ಭಾರ ಇಳಿದವನ ಹಾಗೆ. “ಹಾಗಿದ್ರೆ ಅಕ್ಕ ಹೇಳಿದ್ರೂ ಸರಿಹೋಗುತ್ತಲ್ಲ ಮೇಡಂ. ಏನೂ ತೊಂದ್ರೆ ಇಲ್ಲ.”

ತಾನೇ ಕೈಯಾರೆ ಅವನಿಗೆ ನೆಪ ಕೊಟ್ಟಂತಾಯಿತು ಎಂದು ಸಾವಂತ್ರವ್ವನಿಗೆ ಮೈ ಉರಿಯಿತು. ಅಷ್ಟರಲ್ಲಿ ಅವನಿಗೆ ಏನೋ ನೆನಪಾಗಿ ಉತ್ಸಾಹ ಬಂತು. ತೀರಿಕೊಂಡ ತಾಯಿಯ ಫೋಟೋ ಒಂದು ಗೋಡೆಯ ಮೇಲೆ ಬೇಕಾಗಿದೆ, ಆಡಿಷನ್‌ನಲ್ಲಿ ನಿಮ್ಮ ಮುಖ ಚೆನ್ನಾಗಿ ಬಂದಿದೆ, ಒಂದು ಒಳ್ಳೆಯ ಫೋಟೋ ಕಳಿಸಿದರೆ ಹಾರ ಹಾಕಿ ಐದಾರು ಸೀನಿನಲ್ಲಿ ತೋರಿಸುತ್ತೇವೆ, ನೀವು ಬರುವ ತೊಂದರೆಯೂ ಇಲ್ಲ ಎಂದ.

ಸಾವಂತ್ರವ್ವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ ಬಡಪಾಯಿ.

“ಸಾಯೂ ಪಾರ್ಟ್ ನಾ ಬಾಳ ಮಾಡೇನಿ,” ಎಂದಳು. “ಆದರ ಮಾತಾಡಿ ಸಾಯ್ತೇನಿ. ಸುಮ್ಮ ಗ್ವಾಡಿಗೆ ತೂಗಬೀಳಾಕ ನನಗ ಬರೂದಿಲ್ಲ.” ಎಂದು ಫೋನು ಇಟ್ಟಳು.

ಇಟ್ಟಾದ ಮೇಲೆ ಅಳು ಬಂತು. ಪಾರ್ಟು ಹೋದದ್ದಕ್ಕಲ್ಲ. ಪಾರ್ಟು ದೊಡ್ಡ ನಟಿಗೆ ಹೋಗುವುದು ಲೋಕರೂಢಿ, ಅದಕ್ಕೆ ಅವಳು ಒಳಗೊಳಗೆ ಸಿದ್ಧಳೇ ಇದ್ದಳು. ಆದರೆ ಅವ್ವ ಹೀಗೆ ಅಳಿಸಿಹೋಗುತ್ತಾಳೆ ಎಂದು ಎಣಿಸಿರಲಿಲ್ಲ. ಮನೆ ಮುಳುಗಿತು, ಕದ ಮುಳುಗಿತು, ಹೊಸ ಕೊಲ್ಹಾರದಲ್ಲಿ ಎರಡೇ ವರ್ಷಕ್ಕೆ ಅವ್ವನೂ ಹೋದಳು. ಉಳಿದದ್ದು ಒಂದು ಮಾತು. ಆ ಮಾತಿನಿಂದಲೂ ಅವಳನ್ನು ಎಬ್ಬಿಸಿ ಕಳಿಸಿದ್ದರು. ಸಾಕ್ಷಿ ನೀರು ತಂದುಕೊಟ್ಟು, ಫೋನು ದಿಂಬಿನ ಕೆಳಗೆ ಬಚ್ಚಿಟ್ಟು, ಅಂದಿನಿಂದ ಸಿನಿಮಾದ ಮಾತೆತ್ತಲಿಲ್ಲ.

ಊರು ಎತ್ತಿತು. ಪೋಸ್ಟರು ನೋಡಿದವರೆಲ್ಲ ಸಮಾಧಾನ ಹೇಳಲು ಬಂದರು, ಅವ್ವನ ಪಾರ್ಟು ಇನ್ನೂ ಬಾಕಿ ಇದೆ, ಧೈರ್ಯ ಬಿಡಬೇಡ ಎಂದರು. ನಾಲ್ಕು ಮಂದಿಗೆ ಅವಳು ವಿವರಿಸಿದಳು. ಐದನೆಯವಳಿಗೆ ಹೂಂ ಎಂದಳು.

ವಾರ ಕಳೆದು ಒಂದು ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದಾಗ, ಗುರುತಿಲ್ಲದ ನಂಬರಿನಿಂದ ಫೋನು ಬಂತು. ಹೆಣ್ಣು ದನಿ, ಮೈಸೂರಿನ ಕಡೆಯ ಮೆತ್ತನೆ ಕನ್ನಡ. ತಾನು ಆ ಸಿನಿಮಾದಲ್ಲಿ ತಂಗಿಯ ಪಾತ್ರ ಮಾಡುತ್ತಿರುವ ಹೊಸ ಹುಡುಗಿ ಎಂದು ಹೇಳಿಕೊಂಡಳು. ಹೆಸರೂ ಹೇಳಿದಳು, ತವೆಯ ಸದ್ದಿನಲ್ಲಿ ಸಾವಂತ್ರವ್ವನಿಗೆ ಕೇಳಿಸಲಿಲ್ಲ. ಫೋಟೋ ಕೇಳಲು ಇವಳನ್ನು ಹಚ್ಚಿದ್ದಾರೆ ಎಂದುಕೊಂಡು ಬೈಯಲು ಬಾಯಿ ತೆರೆದಳು.

ಹುಡುಗಿ ಫೋಟೋ ಕೇಳಲಿಲ್ಲ. ಭಾಷೆ ಕಲಿಯಲೆಂದು ಆಡಿಷನ್ ವೀಡಿಯೊಗಳನ್ನೆಲ್ಲ ತರಿಸಿಕೊಂಡು ನೋಡಿದೆ, ನಿಮ್ಮದೊಂದನ್ನು ಮತ್ತೆ ಮತ್ತೆ ನೋಡಿದೆ ಎಂದಳು. ಸ್ಕ್ರಿಪ್ಟಿನಲ್ಲಿ ಅಕ್ಕ ಆ ಮಾತು ಹೇಳಿದಾಗ ತಾನು ಸುಮ್ಮನೆ ಹೋಗಿ ಬಾಗಿಲು ಎಳೆದು ಬರಬೇಕು ಎಂದಿದೆಯಂತೆ. ಆದರೆ ವೀಡಿಯೊದಲ್ಲಿ ಮಾತು ಮುಗಿದ ಮೇಲೂ ನೀವು ಯಾರದೋ ಉತ್ತರಕ್ಕೆ ಕಾಯುವ ಹಾಗೆ ನೋಡುತ್ತೀರಿ.

“ಅವಳು ಏನೋ ಅಂದಿರ್ತಾಳೆ ಅಲ್ವಾ ಅಮ್ಮಾ?” ಎಂದು ಕೇಳಿದಳು. “ಏನಂದಿರ್ತಾಳೆ?”

ತವೆಯ ಮೇಲಿನ ರೊಟ್ಟಿ ಸೀದುಹೋಯಿತು. ಇಪ್ಪತ್ತೈದು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಕಲ್ಮೇಶ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ. ಅಂದು ಟ್ರಕ್ಕಿನವನು ಹಾರನ್ ಒತ್ತುತ್ತಿದ್ದ, ಬಿಸಿಲು ನೆತ್ತಿಗೇರಿತ್ತು, ಬೆಳಗಿನಿಂದ ಸಾಮಾನು ಹೊತ್ತು ಸೊಂಟ ಬಿದ್ದುಹೋಗಿತ್ತು. ಮುಳುಗುವ ಮನೆಗೆ ಕದ ಯಾಕೆ ಎಂದು ಅವಳಿಗೆ ತಲೆ ಕೆಟ್ಟುಹೋಗಿತ್ತು. ಅವಳು ಅಂದದ್ದು ಒಂದೇ ಮಾತು, ಅದೂ ರೇಗಿ.

“ಯವ್ವಾ, ಅಂದಳು,” ಎಂದಳು ಸಾವಂತ್ರವ್ವ. “ಅಷ್ಟ. ಅಂದು, ಹೋಗಿ ಕದಾ ಎಳದ ಬಂದಳು.”

ಅಕ್ಕನಿಗೆ ಯವ್ವಾ ಅನ್ನಬಹುದೇ ಎಂದು ಹುಡುಗಿ ಅನುಮಾನದಿಂದ ಕೇಳಿದಳು. ಸಾವಂತ್ರವ್ವನಿಗೆ ಏಳು ತಿಂಗಳಲ್ಲಿ ಮೊದಲ ಸಲ ನಗು ಬಂತು.

“ಅಕ್ಕಗೂ ಅಂತೇವಿ, ಎಲ್ಲಾರಿಗೂ ಅಂತೇವಿ. ನಿಮ್ಮ ಸಾಹೇಬರು ಕೇಳಿದರ ಹಂಗ ಹೇಳು, ಏನೂ ತೊಂದರಿ ಇಲ್ಲಂತ. ಆದರ ಸಿಡುಕಿ ಅನ್ನಬೇಕು. ಹಂಗ ಸಿಡುಕೂದು ಹಡದಾಕಿ ಮ್ಯಾಲಷ್ಟ. ನಮ್ಮ ಮಂದಿ ಥೇಟರಿನ್ಯಾಗ ಕುಂತು ಕೇಳಿದರಂದ್ರ, ಅಕಿ ಯಾರು ಅಂತ ಅವರಿಗೆ ತಿಳಿತೈತಿ.”

ಹುಡುಗಿ ಅಂದು ತೋರಿಸಿದಳು. ಜೋಗುಳ ಹಾಡಿದ ಹಾಗಿತ್ತು. ಹಾಗಲ್ಲ ಎಂದಳು ಸಾವಂತ್ರವ್ವ, ಅಷ್ಟು ಪ್ರೀತಿ ಬೇಡ. ಎರಡನೆಯ ಸಲ ಆಟೋದವನ ಮೇಲೆ ಜಗಳ ತೆಗೆದಂತೆ ಅಂದಳು. ಅದೂ ಅಲ್ಲ. ಬಿಸಿಲಿದೆ, ಸೊಂಟ ನೋಯುತ್ತಿದೆ, ಟ್ರಕ್ಕಿನವನು ಬೈಯುತ್ತಿದ್ದಾನೆ, ಮುದುಕಿ ಹಟ ಹಿಡಿದಿದ್ದಾಳೆ, ಅವಳು ಇನ್ನೂ ಬಹಳ ವರ್ಷ ಇರುತ್ತಾಳೆ ಎಂದು ನಿನಗೆ ಖಾತ್ರಿ ಇದೆ. ಆ ಖಾತ್ರಿಯಲ್ಲಿ ಸಿಡುಕಬೇಕು.

ಮೂರನೆಯ ಸಲ ಬಂತು. “ಯವ್ವಾ...”

ಸಾವಂತ್ರವ್ವ ಸೀದ ರೊಟ್ಟಿಯನ್ನು ನೋಡುತ್ತ ಅಲ್ಲಿಯೇ ಕುಳಿತಿದ್ದಳು. ಇದು ಸರಿಹೋಯಿತೇ ಎಂದು ಹುಡುಗಿ ಎರಡು ಸಲ ಕೇಳಿದಳು.

ಸರಿಯಾಗಿಯೇ ಇತ್ತು. ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲದೆ ಅಂದಿನ ಹಾಗೆಯೇ ಇತ್ತು.

“ಇನ್ನೊಮ್ಮೆ ಅನ್ನು,” ಎಂದಳು ಸಾವಂತ್ರವ್ವ.